ಸಾಲಕ್ಕೆ ಆಧಾರ ಯಾವುದಿರಲಿ: ಅಡಮಾನವೋ, ಒತ್ತೆಯೋ, ಹೈಪಾಥಿಕೇಷನ್ನೋ, ಜಾಮೀನೋ?

ನನ್ನ ಗೆಳೆಯನೊಬ್ಬನದು ನೂಲಿನ ಸಗಟು ವ್ಯಾಪಾರ. ಒಬ್ಬ ಗಿರಾಕಿಯ ಬಾಕಿ 18 ಲಕ್ಷ ರೂಪಾಯಿ ದಾಟಿದಾಗ ಇವನು ಆ ಗಿರಾಕಿಯ ಹಳ್ಳಿಗೇ ಹೋದ. ಅವನ ಮನೆ ಜಗಲಿಯ ಮೇಲೆ ಕೂತು, ಕಾಫಿ ಕುಡಿದು, ಸೈಟಿನ ಮೂಲ ಕ್ರಯಪತ್ರ ಇಸಿದುಕೊಂಡು ಬಂದ. ಪ್ಲಾಸ್ಟಿಕ್ ಕವರಿಗೆ ಹಾಕಿ ಬೀರುವಿನಲ್ಲಿಟ್ಟ. ಬ್ಯಾಂಕಿನವರೂ ಇದನ್ನೇ ಅಲ್ವಾ ಮಾಡೋದು ಅಂತ ಅವನ ಲೆಕ್ಕ. ಎರಡು ವರ್ಷ ಕಳೆಯಿತು. ಗಿರಾಕಿ ಕೈಯೆತ್ತಿದ. ಆಗ ಇವನು ಅದೇ ಕವರ್ ಹಿಡಿದು ನನ್ನ ಮುಂದೆ ಬಂದು ಕೂತು, "60 ದಿನದ ನೋಟಿಸ್ ಕೊಟ್ಟು ಹರಾಜು ಹಾಕಿಬಿಡೋಣ" ಅಂದ.

ಸಾಲದ ಕಾಗದಪತ್ರ ಬರೆದುಕೊಡುವುದು ನನ್ನ ಕಸುಬು. ಪತ್ರ ತಿರುವಿ ನೋಡಿದೆ. ಅಪ್ಪಟ ಮೂಲಪ್ರತಿಯೇ. ಆದರೂ ಅದರಿಂದ ಅವನಿಗೆ ಆ ಸೈಟಿನ ಒಂದು ಅಂಗುಲದ ಮೇಲೂ ಹಕ್ಕು ಹುಟ್ಟಿರಲಿಲ್ಲ. ತಪ್ಪು ಎಲ್ಲಾಯಿತು ಅಂದರೆ, ಆ ಜಗಲಿಯ ಮೇಲೆ.

ಮೊದಲು ನೀವು ಯಾರು?

ಆಧಾರದ ವಿಷಯ ಕೇಳಲು ಬರುವವರು ಮೊದಲು ಆಸ್ತಿಯ ಬೆಲೆ ಹೇಳುತ್ತಾರೆ. "ಸೈಟು 40 ಲಕ್ಷ ಬಾಳುತ್ತೆ ಸಾರ್." ನಾನು ಕೇಳುವುದು ಬೇರೆ. ಸಾಲ ಕೊಡುತ್ತಿರುವವರು ಯಾರು? ಅದೇ ಸೈಟು, ಅದೇ ಒಕ್ಕಣೆಯ ಪತ್ರ ಬ್ಯಾಂಕಿನ ಕೈಯಲ್ಲಿದ್ದಾಗ ಹರಾಜಿನ ಅಧಿಕಾರ. ವ್ಯಾಪಾರಿಯ ಕೈಯಲ್ಲಿದ್ದಾಗ ಕೋರ್ಟಿನ ಸರದಿಯಲ್ಲಿ ನಿಲ್ಲುವ ಹಕ್ಕು, ಅಷ್ಟೇ.

ಈ ಭೇದ ತಂದಿದ್ದು 2002ರ ಸರ್ಫೇಸಿ ಕಾಯ್ದೆ. ಸಾಲ ಎನ್‌ಪಿಎ (ಕಂತು ಬರದೆ ಕೆಟ್ಟ ಸಾಲ) ಆದ ಮೇಲೆ 60 ದಿನದ ನೋಟಿಸ್ ಕೊಟ್ಟು, ಕೋರ್ಟಿನ ಮೆಟ್ಟಿಲು ಹತ್ತದೆ, ಆಸ್ತಿ ವಶಕ್ಕೆ ತೆಗೆದುಕೊಂಡು ಮಾರುವ ಅಧಿಕಾರ ಅದರ 13ನೇ ಸೆಕ್ಷನ್ನಿನಲ್ಲಿದೆ. ಈ ಅಧಿಕಾರ ಬ್ಯಾಂಕುಗಳಿಗಿದೆ. ಸಹಕಾರಿ ಬ್ಯಾಂಕುಗಳಿಗೂ ಇದೆ ಎಂದು 2020ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿತು. 100 ಕೋಟಿ ರೂಪಾಯಿಗಿಂತ ಕಡಿಮೆಯಿಲ್ಲದ ಆಸ್ತಿಯಿರುವ ಬ್ಯಾಂಕೇತರ ಹಣಕಾಸು ಕಂಪನಿಗಳಾದ ಎನ್‌ಬಿಎಫ್‌ಸಿಗಳಿಗೆ, 20 ಲಕ್ಷ ಮತ್ತು ಅದಕ್ಕೂ ಮೇಲಿನ ಸಾಲಗಳಲ್ಲಿ ಇದೆ. ನೂಲು, ಕಬ್ಬಿಣ, ಅಕ್ಕಿಯನ್ನು ಉದ್ರಿ ಕೊಡುವ ವ್ಯಾಪಾರಿಗಿಲ್ಲ. ಕೈಸಾಲ ಕೊಟ್ಟ ಭಾವಮೈದುನನಿಗೂ ಇಲ್ಲ.

ಹಾಗಾಗಿ ಬ್ಯಾಂಕ್ ಏನು ಬರೆಸಿಕೊಳ್ಳುತ್ತದೋ ಅದನ್ನೇ ನಕಲು ಮಾಡಲು ಹೋಗಬೇಡಿ. ಅವರಿಗೆ ಒಗ್ಗುವ ಆಧಾರ ನಿಮಗೆ ಒಗ್ಗಬೇಕಿಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಬಡ್ಡಿ ವ್ಯವಹಾರವನ್ನೇ ಕಸುಬು ಮಾಡಿಕೊಂಡವರಿಗೆ ಕರ್ನಾಟಕದಲ್ಲಿ ಲೈಸೆನ್ಸ್ ಬೇಕು. ಲೇವಾದೇವಿಗೊಂದು, ಗಿರವಿಗೊಂದು, ಎರಡೂ 1961ರ ಕಾಯ್ದೆಗಳು. ಲೈಸೆನ್ಸ್ ಇಲ್ಲದೆ ಎಷ್ಟು ಚೆಂದದ ಪತ್ರ ಬರೆಸಿಕೊಂಡರೂ ಕೋರ್ಟಿನಲ್ಲಿ ಮೊದಲು ಎಡವುವುದು ಅಲ್ಲೇ.

ಅಡಮಾನ: ಗಟ್ಟಿ, ಆದರೆ ನಿಧಾನ

ನೆಲ, ಮನೆ, ಕಟ್ಟಡದ ಮೇಲಿನ ಆಧಾರ ಇದು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 58ನೇ ಸೆಕ್ಷನ್ನಿನಲ್ಲಿ ಆರು ಬಗೆ ಇವೆ. ದಿನಬಳಕೆಯಲ್ಲಿ ಕಾಣುವುದು ಮೂರು.

ಸಾದಾ ಅಡಮಾನದಲ್ಲಿ ಆಸ್ತಿ ಸಾಲಗಾರನ ವಶದಲ್ಲೇ ಇರುತ್ತದೆ, ಪತ್ರ ಮಾತ್ರ ರಿಜಿಸ್ಟರ್ ಆಗುತ್ತದೆ. ಅಸಲು 100 ರೂಪಾಯಿಯೋ ಅದಕ್ಕಿಂತ ಜಾಸ್ತಿಯೋ ಇದ್ದರೆ ನೋಂದಣಿ ಕಡ್ಡಾಯ, ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಕಡ್ಡಾಯ. 1882ರಲ್ಲಿ 100 ರೂಪಾಯಿ ಅಂದರೆ ಏನಿತ್ತೋ ಏನೋ, ಅಂಕಿ ಮಾತ್ರ ಇವತ್ತಿಗೂ ಅದೇ.

ಭೋಗ್ಯದಲ್ಲಿ ಸಾಲ ಕೊಟ್ಟವರೇ ಆಸ್ತಿ ಅನುಭವಿಸಿ, ಬಾಡಿಗೆಯನ್ನೋ ಬೆಳೆಯನ್ನೋ ಬಡ್ಡಿಗೆ ಮುರಿದುಕೊಳ್ಳುತ್ತಾರೆ. ಬೆಂಗಳೂರಿನಲ್ಲಿ ಗೇಟಿಗೆ "ಮನೆ ಭೋಗ್ಯಕ್ಕಿದೆ" ಅಂತ ಬೋರ್ಡು ಹಾಕಿರುತ್ತಾರಲ್ಲ, ಮೂಲದಲ್ಲಿ ಇದೇ ಅದು. ಆದರೆ ಹತ್ತು ಹದಿನೈದು ಲಕ್ಷ ಕೊಟ್ಟು ನೋಟರಿ ಮಾಡಿಸಿದ 11 ತಿಂಗಳ ಕರಾರು ಹಿಡಿದುಕೊಂಡವರು ಭೋಗ್ಯದಾರರಾಗುವುದಿಲ್ಲ. ಮಾಲೀಕನ ಹಳೆಯ ಸಾಲಕ್ಕೆ ಬ್ಯಾಂಕು ಬಾಗಿಲಿಗೆ ನೋಟಿಸ್ ಅಂಟಿಸಿದ ದಿನ ಇದು ಅರಿವಾಗುತ್ತದೆ.

ಮೂರನೆಯದು ಹಕ್ಕುಪತ್ರ ಇಟ್ಟು ಮಾಡುವ ಅಡಮಾನ. ಬ್ಯಾಂಕುಗಳಿಗೆ ಅಚ್ಚುಮೆಚ್ಚು, ಯಾಕೆಂದರೆ ಇದಕ್ಕೆ ನೋಂದಾಯಿತ ಅಡಮಾನ ಪತ್ರ ಬೇಕಾಗಿಲ್ಲ. ಆಧಾರವಾಗಿರಲಿ ಎಂಬ ಉದ್ದೇಶದಿಂದ ಮೂಲಪತ್ರವನ್ನು ಸಾಲಿಗನ, ಅಂದರೆ ಸಾಲ ಕೊಟ್ಟವನ, ಕೈಗೆ ಕೊಟ್ಟರೆ ಅಡಮಾನ ಆಯಿತು. ಖಾಸಗಿಯವರೂ ಮಾಡಬಹುದು. ಆದರೆ ಪತ್ರ ಕೈ ಬದಲಾಗುವ ಜಾಗ ಸರ್ಕಾರ ಅಧಿಸೂಚನೆ ಹೊರಡಿಸಿದ ಪಟ್ಟಣವೇ ಆಗಿರಬೇಕು. ಆಸ್ತಿ ಎಲ್ಲೇ ಇರಲಿ, ಕಾನೂನಿಗೆ ಅದು ಲೆಕ್ಕಕ್ಕಿಲ್ಲ. ನನ್ನ ಗೆಳೆಯ ಪತ್ರ ತೆಗೆದುಕೊಂಡಿದ್ದು ಹಳ್ಳಿಯ ಜಗಲಿಯಲ್ಲಿ. ಅದೇ ಗಿರಾಕಿಯನ್ನು ಬಸ್ಸು ಹತ್ತಿಸಿ ಬೆಂಗಳೂರಿಗೆ ಕರೆತಂದು, ಇಲ್ಲಿ ಪತ್ರ ಇಸಿದುಕೊಂಡು, ಮಾರನೆಯ ದಿನ "ನಿನ್ನೆ ಇಂಥ ಸಾಲಕ್ಕೆ ಆಧಾರವಾಗಿ ಇಂಥ ಪತ್ರ ಕೊಟ್ಟಿದ್ದೇನೆ" ಅಂತ ಒಂದು ಹಾಳೆ ಬರೆಸಿಕೊಂಡಿದ್ದರೆ ಕಥೆ ಬೇರೆ ಇರುತ್ತಿತ್ತು. ಬಸ್ ಚಾರ್ಜಿನಲ್ಲಿ ಹೋಯಿತು ಅಡಮಾನ.

ಪತ್ರ ಸರಿಯಾಗಿದ್ದರೂ ಖಾಸಗಿಯವರು ತಾವೇ ಮಾರುವಂತಿಲ್ಲ. ಕೋರ್ಟಿಲ್ಲದೆ ಮಾರುವ ಅಧಿಕಾರ ಅದೇ ಆಸ್ತಿ ವರ್ಗಾವಣೆ ಕಾಯ್ದೆಯ 69ನೇ ಸೆಕ್ಷನ್ನಿನಲ್ಲಿ ಇದೆ ನಿಜ. ಅದರ ಷರತ್ತುಗಳು ಎಷ್ಟು ಇಕ್ಕಟ್ಟು ಅಂದರೆ ಸಾಮಾನ್ಯ ಹಳ್ಳಿ, ಊರಿನ ಅಡಮಾನಕ್ಕೆ ಅದು ಎಟುಕುವುದಿಲ್ಲ. ದಾವಾ ಹಾಕಬೇಕು. ಮೊದಲು ಪ್ರಾಥಮಿಕ ಡಿಕ್ರಿ, ಹಣ ಕಟ್ಟಲು ಸಾಮಾನ್ಯವಾಗಿ ಆರು ತಿಂಗಳವರೆಗೆ ಗಡುವು, ಆಮೇಲೆ ಅಂತಿಮ ಡಿಕ್ರಿ, ಆಮೇಲೆ ಕೋರ್ಟಿನ ಮೂಲಕ ಮಾರಾಟ. ಇಷ್ಟೆಲ್ಲ ಇದ್ದರೂ ಅಡಮಾನಕ್ಕೊಂದು ದೊಡ್ಡ ಲಾಭ ಇದೆ. ಸುಮ್ನೆ ಕೊಟ್ಟ ಸಾಲದ ವಸೂಲಿಗೆ ಕಾಲಮಿತಿ 3 ವರ್ಷ. ಅಡಮಾನದ ಆಸ್ತಿಯಿಂದ ವಸೂಲಿ ಮಾಡಲು 12 ವರ್ಷ.

ಆಸ್ತಿಯ ಮೇಲೆ ಮೊದಲೇ ಸಾಲ ಇದೆಯೇ ಎಂದು ಹುಡುಕುವಾಗ ಜನ ಹೆಚ್ಚು ಎಡವುವುದು ಇಸಿ, ಅಂದರೆ ಋಣಭಾರ ಪತ್ರ ನಂಬಿ. ಅದರಲ್ಲಿ ಏನೂ ಇಲ್ಲ ಅಂದ ಮಾತ್ರಕ್ಕೆ ಆಸ್ತಿ ಸ್ವಚ್ಛ ಅಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿದ್ದು ಮಾತ್ರ ಇಸಿಯಲ್ಲಿ ಬರುತ್ತದೆ. ಪತ್ರ ಇಟ್ಟು ಮಾಡಿದ ಅಡಮಾನ ಅಲ್ಲಿಗೆ ಹೋಗದೇ ಇದ್ದಿರಬಹುದು. ಇಂಥದ್ದಕ್ಕೆಂದೇ 2011ರಲ್ಲಿ ಸೆರ್ಸಾಯ್ ಎಂಬ ಕೇಂದ್ರ ದಾಖಲೆ ಶುರುವಾಯಿತು. ಸಣ್ಣ ಶುಲ್ಕ ಕಟ್ಟಿ ಯಾರು ಬೇಕಾದರೂ ಅಲ್ಲಿ ಹುಡುಕಬಹುದು. ಇಸಿ, ಸೆರ್ಸಾಯ್ ಎರಡನ್ನೂ ನೋಡಿ. ಮೂಲಪತ್ರ ಕೈಗೆ ಬಂದಾಗ ಕಿಟಕಿ ಹತ್ತಿರ ಹಿಡಿದು ನೋಡಿ. ಹೆಬ್ಬೆಟ್ಟಿನ ಶಾಯಿ, ಸೀಲಿನ ಶಾಯಿ ಕಾಗದದ ಹಿಂಬದಿಗೆ ಎಲ್ಲೋ ಒಂದೆಡೆ ಇಳಿದಿರುತ್ತದೆ. ಕಲರ್ ಜೆರಾಕ್ಸಿನಲ್ಲಿ ಹಿಂಬದಿ ಬೆಳ್ಳಗಿರುತ್ತದೆ.

ಒತ್ತೆ: ಖಾಸಗಿಯವರಿಗೆ ನನ್ನ ಮೊದಲ ಆಯ್ಕೆ

ಚಿನ್ನ ಗಿರವಿ ಇಡುವುದು ಗೊತ್ತಲ್ಲ, ಅದೇ ಒತ್ತೆ. ಚರ ವಸ್ತುವನ್ನು ಸಾಲಿಗನ ವಶಕ್ಕೇ ಕೊಡುವುದು. ಇದರ ಕಾನೂನು 1872ರ ಕರಾರು ಕಾಯ್ದೆಯಲ್ಲಿದೆ, 172ನೇ ಸೆಕ್ಷನ್ನಿನಿಂದ ಮುಂದಕ್ಕೆ. ಜನ ಇದನ್ನು ಬಡವರ ಚಿನ್ನದಂಗಡಿಯ ವ್ಯವಹಾರ ಅಂದುಕೊಂಡು ಬಿಟ್ಟುಬಿಡುತ್ತಾರೆ. ನನಗೆ ಕೇಳಿದರೆ ಬ್ಯಾಂಕಲ್ಲದ ಸಾಲಿಗನಿಗೆ ಇದಕ್ಕಿಂತ ಒಳ್ಳೆಯ ಆಯುಧ ಇಲ್ಲ.

ಕಾರಣ 176ನೇ ಸೆಕ್ಷನ್. ಸಾಲಗಾರ ತಪ್ಪಿದರೆ ಎರಡು ದಾರಿ. ವಸ್ತುವನ್ನು ಆಧಾರವಾಗಿ ಇಟ್ಟುಕೊಂಡೇ ದಾವಾ ಹಾಕಬಹುದು. ಇಲ್ಲವೇ ತಕ್ಕ ಮುಂಚಿತ ನೋಟಿಸ್ ಕೊಟ್ಟು ಮಾರಬಹುದು. ಕೋರ್ಟಿನ ಅಪ್ಪಣೆ ಬೇಡ. ಬಂದ ದುಡ್ಡು ಸಾಲದಿದ್ದರೆ ಉಳಿದಿದ್ದನ್ನು ಸಾಲಗಾರನಿಂದ ಕೇಳಬಹುದು, ಜಾಸ್ತಿ ಬಂದರೆ ಅವನಿಗೆ ವಾಪಸ್ ಕೊಡಬೇಕು. ಬ್ಯಾಂಕಿಗೆ ನೆಲದ ಮೇಲೆ 2002ರಲ್ಲಿ ಸಿಕ್ಕ ಸವಲತ್ತು ಒತ್ತೆ ಹಿಡಿದವರಿಗೆ 1872ರಿಂದಲೂ ಇದೆ!

ಎರಡು ಎಚ್ಚರಿಕೆ. ನೋಟಿಸ್ ತಪ್ಪಿಸುವಂತಿಲ್ಲ, "ನೋಟಿಸ್ ಬೇಡ" ಅಂತ ಮೊದಲೇ ಬರೆಸಿಕೊಂಡರೂ ನಡೆಯುವುದಿಲ್ಲ. ಮತ್ತೆ, ಒತ್ತೆ ಹಿಡಿದವರು ತಮಗೇ ತಾವು ಮಾರಿಕೊಳ್ಳುವಂತಿಲ್ಲ. ಡಿಮ್ಯಾಟ್ ಷೇರಿನ ಒತ್ತೆಯ ಒಂದು ಪ್ರಕರಣದಲ್ಲಿ 2022ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು. ಷೇರು ನಿಮ್ಮ ಹೆಸರಿಗೆ ಬಂದಿದೆ ಅಂದಾಕ್ಷಣ ಅದು ಮಾರಾಟ ಆಗಲಿಲ್ಲ.

ಒತ್ತೆಯ ಜೀವ ವಶದಲ್ಲಿದೆ. ವಶ ಬಿಟ್ಟರೆ ಒತ್ತೆ ಹೋಯಿತು. ಹಳೆಯ ಕಾಲದ ದಾಸ್ತಾನು ಸಾಲದ ಗೋದಾಮು ನೋಡಿದವರಿಗೆ ಇದು ಗೊತ್ತು. ಬಾಗಿಲಿಗೆ ಸಾಲಿಗನ ಬೀಗ, ಬೀಗಕ್ಕೆ ಬಟ್ಟೆ ಸುತ್ತಿ ಅರಗಿನ ಮುದ್ರೆ. ವ್ಯಾಪಾರಿ 50 ಮೂಟೆಯ ದುಡ್ಡು ಕಟ್ಟಿದ ದಿನ ಗುಮಾಸ್ತ ಬಂದು ಮುದ್ರೆ ಒಡೆಯುತ್ತಾನೆ, 50 ಮೂಟೆ ಎಣಿಸಿ ಹೊರಗೆ ಬಿಡುತ್ತಾನೆ, ಪುಸ್ತಕದಲ್ಲಿ ಬರೆದು ಮತ್ತೆ ಅರಗು ಕಾಯಿಸುತ್ತಾನೆ. ಕಿರಿಕಿರಿಯೇ. ಆದರೆ ಒಳಗಿರುವ ಮೂಟೆಯ ಮೇಲೆ ಬೇರೆ ಯಾರೂ ಕಣ್ಣು ಹಾಕಲಾಗದು. ಈಗ ಅಷ್ಟು ಕಷ್ಟ ಬೇಡ. 2007ರ ಉಗ್ರಾಣ ಕಾಯ್ದೆಯ ಅಡಿ ನೋಂದಾಯಿತ ಉಗ್ರಾಣದಲ್ಲಿ ಮಾಲು ಇಟ್ಟರೆ ಎಲೆಕ್ಟ್ರಾನಿಕ್ ರಸೀದಿ ಸಿಗುತ್ತದೆ, ಆ ರಸೀದಿಯನ್ನೇ ಒತ್ತೆ ಇಡಬಹುದು.

ತೊಂದರೆ ಒಂದೇ. ದಿನಾ ಬಳಸುವ ವಸ್ತುವನ್ನು ಒತ್ತೆ ಇಡಲು ಆಗುವುದಿಲ್ಲ. ಮಗ್ಗವನ್ನು ಸಾಲಿಗನ ಮನೆಗೆ ಹೊತ್ತು ಹಾಕಿ ಸೀರೆ ನೇಯುವುದು ಹೇಗೆ?

ಹೈಪಾಥಿಕೇಷನ್: ಅನುಕೂಲ ಸಾಲಗಾರನಿಗೆ, ನಿದ್ದೆಗೇಡು ಸಾಲಿಗನಿಗೆ

ವಸ್ತು ಸಾಲಗಾರನ ಹತ್ತಿರವೇ ಇದ್ದು ಕಾಗದದಲ್ಲಿ ಮಾತ್ರ ಸಾಲಿಗನ ಹಕ್ಕು ಇರುವುದು ಹೈಪಾಥಿಕೇಷನ್. ಕಾರು, ಲಾರಿ, ಯಂತ್ರ, ಅಂಗಡಿಯ ಸ್ಟಾಕು, ಬರಬೇಕಾದ ಬಾಕಿ ಎಲ್ಲಕ್ಕೂ ಆಗುತ್ತದೆ. ಇವತ್ತಿನ ಸ್ಟಾಕು ನಾಳೆ ಮಾರಿಹೋಗಿ ನಾಡಿದ್ದು ಹೊಸದು ಬಂದರೂ ಅದರ ಮೇಲೂ ಹಕ್ಕು ಸಾಗುತ್ತದೆ.

ವಾಹನಕ್ಕೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಯಾಕೆಂದರೆ ಆರ್‌ಸಿಯಲ್ಲೇ ಸಾಲಿಗನ ಹೆಸರು ಬರುತ್ತದೆ. ಫಾರಂ 34ರಲ್ಲಿ ಸೇರಿಸುತ್ತಾರೆ, ಸಾಲ ತೀರಿದ ಮೇಲೆ ಫಾರಂ 35ರಲ್ಲಿ ತೆಗೆಸಬೇಕು. ಕೊನೆ ಕಂತು ಕಟ್ಟಿ ಎರಡನೆಯದನ್ನು ಮರೆತವರು ಗಾಡಿ ಮಾರುವಾಗ ಒದ್ದಾಡುತ್ತಾರೆ. ಕಂಪನಿಯ ಆಸ್ತಿಯಾದರೆ 2013ರ ಕಂಪನಿ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ 30 ದಿನದೊಳಗೆ ಚಾರ್ಜ್ (ಆಸ್ತಿಯ ಮೇಲಿನ ಸಾಲಿಗನ ಹಕ್ಕು) ನೋಂದಣಿ ಆಗಬೇಕು. ಹೆಚ್ಚಿನ ಶುಲ್ಕ ಕಟ್ಟಿದರೆ ಸ್ವಲ್ಪ ಕಾಲಾವಕಾಶ ಇದೆ. ಆಗದೇ ಹೋದರೆ, ಕಂಪನಿ ಮುಳುಗಿದಾಗ ಅದರ ಆಸ್ತಿ ಮಾರಿ ಬಾಕಿ ಹಂಚುವ ಲಿಕ್ವಿಡೇಟರ್ ಆ ಆಧಾರವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸಾಲ ಉಳಿಯುತ್ತದೆ, ಆಧಾರ ಹೋಗುತ್ತದೆ.

ಬಾಕಿ ವಸ್ತುಗಳಲ್ಲಿ ಖಾಸಗಿಯವರಿಗೆ ಇದು ಸೋರುವ ಬಿಂದಿಗೆ. ಒಬ್ಬನೇ ಮಾಲೀಕನಿರುವ ಅಂಗಡಿಯ ಸ್ಟಾಕಿಗೆ ಆರ್‌ಸಿಯೂ ಇಲ್ಲ, ಕಂಪನಿ ರಿಜಿಸ್ಟ್ರಾರರೂ ಇಲ್ಲ. ಅವನು ಮಾಲು ಮಾರಿದರೆ, ವಿಷಯ ಗೊತ್ತಿಲ್ಲದೆ ಕೊಂಡವರ ಬೆನ್ನು ಹತ್ತಿ ಏನು ಸಿಕ್ಕೀತು? ಜಪ್ತಿ ಮಾಡಲೂ ಕೋರ್ಟೇ ಬೇಕು. ಬ್ಯಾಂಕುಗಳು ಬೇಕಾದರೆ ಇದರಲ್ಲಿ ಬದುಕುತ್ತವೆ. ತಿಂಗಳಿಗೊಮ್ಮೆ ಸ್ಟಾಕ್ ಪಟ್ಟಿ ತರಿಸುತ್ತವೆ, ಗೋದಾಮಿಗೆ ಆಳು ಕಳಿಸುತ್ತವೆ, ಕೊನೆಗೆ ಸರ್ಫೇಸಿ ಇದೆ. ನಿಮಗೆ ಆ ಪರಿವಾರ ಇಲ್ಲ.

ಜಾಮೀನು ಮತ್ತು ಚೆಕ್

ಜಾಮೀನಿನಲ್ಲಿ ವಸ್ತು ಇಲ್ಲ, ಇನ್ನೊಬ್ಬ ಮನುಷ್ಯ ಇದ್ದಾನೆ. "ಮೊದಲು ಅವನ ಹತ್ತಿರ ಕೇಳಿ, ಆಮೇಲೆ ನನ್ನ ಹತ್ತಿರ ಬನ್ನಿ" ಅಂತ ಜಾಮೀನುದಾರರು ಹೇಳುವುದು ಕಾನೂನಿನಲ್ಲಿ ನಡೆಯುವುದಿಲ್ಲ. ಕರಾರು ಕಾಯ್ದೆಯ 128ನೇ ಸೆಕ್ಷನ್ ಪ್ರಕಾರ, ಬೇರೆ ಷರತ್ತು ಬರೆಯದಿದ್ದರೆ, ಅವರ ಹೊಣೆ ಸಾಲಗಾರನಷ್ಟೇ. 1969ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ಸಾಲಿಗ ನೇರವಾಗಿ ಜಾಮೀನುದಾರನ ಮೇಲೆ ಹೋಗಬಹುದು. ಸ್ನೇಹಕ್ಕೆ ಸಹಿ ಹಾಕುವ ಮುಂಚೆ ಇದನ್ನು ಎರಡು ಸಲ ಓದಿಕೊಳ್ಳಿ.

ಸಾಲಿಗರ ಕಡೆಯ ತಪ್ಪು ಬೇರೆ. ಜಾಮೀನುದಾರನಿಗೆ ಹೇಳದೆ ಸಾಲದ ಷರತ್ತು ಬದಲಿಸಿದರೆ ಆಮೇಲಿನ ವ್ಯವಹಾರಕ್ಕೆ ಅವನು ಬಿಡುಗಡೆಯಾಗುತ್ತಾನೆ. ಕೈಯಲ್ಲಿದ್ದ ಆಧಾರವನ್ನು ಅವನ ಒಪ್ಪಿಗೆಯಿಲ್ಲದೆ ವಾಪಸ್ ಕೊಟ್ಟರೂ ಆ ಬೆಲೆಯಷ್ಟು ಅವನ ಹೊಣೆ ಕಳಚುತ್ತದೆ. "ಪಾಪ, ಮಗಳ ಮದುವೆ" ಅಂತ ಒತ್ತೆಯ ಒಡವೆ ಬಿಟ್ಟುಕೊಟ್ಟು ಆಮೇಲೆ ಜಾಮೀನುದಾರನನ್ನು ಹಿಡಿಯಲು ಹೋದವರನ್ನು ನೋಡಿದ್ದೇನೆ.

ಚೆಕ್ ಆಧಾರವೇ ಅಲ್ಲ, ಒತ್ತಡ. ಬೌನ್ಸ್ ಆದದ್ದು ತಿಳಿದ 30 ದಿನದೊಳಗೆ ನೋಟಿಸ್, ಹಣ ಕೊಡಲು 15 ದಿನ, ಆಮೇಲೆ ಒಂದು ತಿಂಗಳೊಳಗೆ ದೂರು. ಶಿಕ್ಷೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಚೆಕ್ಕಿನ ಎರಡು ಪಟ್ಟಿನವರೆಗೆ ದಂಡ, ಇಲ್ಲವೇ ಎರಡೂ. ಒಂದು ಹೊಂಡ ಇದೆ ನೋಡಿ. ಸಾಲದಲ್ಲಿ ಸ್ವಲ್ಪ ತೀರಿದ ಮೇಲೂ ಹಳೆಯ ಪೂರ್ತಿ ಮೊತ್ತದ ಚೆಕ್ಕನ್ನೇ ಬ್ಯಾಂಕಿಗೆ ಹಾಕಿದರೆ ಚೆಕ್ ಬೌನ್ಸಿನ 138ನೇ ಸೆಕ್ಷನ್ ಅಡಿ ಕೇಸ್ ನಿಲ್ಲುವುದಿಲ್ಲ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬಂದ ಮೊತ್ತವನ್ನು ಚೆಕ್ಕಿನ ಮೇಲೆ ಬರೆದು, ಉಳಿದ ಬಾಕಿಗೆ ಮಾತ್ರ ಹಾಕಬೇಕು. ಇಲ್ಲವೇ ಹೊಸ ಚೆಕ್ ತೆಗೆದುಕೊಳ್ಳಿ.

ವ್ಯಾಪಾರಿಗಳು ಮರೆಯುವ ಇನ್ನೊಂದು ಜಾಮೀನು ಬ್ಯಾಂಕ್ ಗ್ಯಾರಂಟಿ. ಗಿರಾಕಿಯ ಬದಲು ಅವನ ಬ್ಯಾಂಕೇ ಹೊಣೆ. ಗ್ಯಾರಂಟಿಯ ಮಾತುಗಳಂತೆ ಅವಧಿಯೊಳಗೆ ಬೇಡಿಕೆ ಇಟ್ಟರೆ ಬ್ಯಾಂಕು ಕೊಡಲೇಬೇಕು. ದೊಡ್ಡ ಮೋಸ ಅಥವಾ ಸರಿಪಡಿಸಲಾಗದ ಅನ್ಯಾಯ ಕಂಡರೆ ಮಾತ್ರ ಕೋರ್ಟು ತಡೆಯುತ್ತದೆ. ಗಿರಾಕಿಗೆ ಖರ್ಚು, ಅದಕ್ಕೇ ಅವನು ಗೊಣಗುತ್ತಾನೆ. ಗೊಣಗಲಿ.

ಬ್ಯಾಂಕುಗಳ ಮುಂದಿರುವ ದಾರಿಗಳು

ಸಾಲಗಾರರಾಗಿ ಓದುತ್ತಿರುವವರಿಗೆ ಇದು ಜಾಸ್ತಿ ಉಪಯೋಗ. ಸರ್ಫೇಸಿ ನೋಟಿಸ್ ಬಂದರೆ ಸುಮ್ನೆ ಕೂರಬೇಡಿ. ನಿಮ್ಮ ಆಕ್ಷೇಪಕ್ಕೆ ಬ್ಯಾಂಕು 15 ದಿನದೊಳಗೆ ಕಾರಣ ಸಹಿತ ಉತ್ತರ ಕೊಡಬೇಕು. ಬ್ಯಾಂಕು ವಶಕ್ಕೆ ತೆಗೆದುಕೊಳ್ಳುವಂಥ ಹೆಜ್ಜೆ ಇಟ್ಟರೆ 45 ದಿನದೊಳಗೆ ಸಾಲ ವಸೂಲಿ ನ್ಯಾಯಮಂಡಳಿಗೆ, ಅಂದರೆ ಡಿಆರ್‌ಟಿಗೆ ಹೋಗಬಹುದು. ಪೂರ್ತಿ ಹಣ ಕಟ್ಟಿ ಆಸ್ತಿ ಬಿಡಿಸಿಕೊಳ್ಳುವ ಹಕ್ಕಿಗೆ ಗಡಿ ಹರಾಜಿನ ದಿನ ಅಲ್ಲ. ಹರಾಜಿನ ಪ್ರಕಟಣೆ ಹೊರಬೀಳುವ ದಿನ. 2016ರ ತಿದ್ದುಪಡಿ ಇದನ್ನು ತಂದಿತು, 2023ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಹರಾಜಿನ ಬೆಳಿಗ್ಗೆ ದುಡ್ಡು ಹಿಡಿದು ಓಡಿದರೆ ಹೊತ್ತು ಮೀರಿರುತ್ತದೆ.

ಕೃಷಿ ಜಮೀನಿಗೆ ಸರ್ಫೇಸಿ ಇಲ್ಲ. ಹಾಗಂತ ಪಹಣಿಯಲ್ಲಿ ಕೃಷಿ ಎಂದಿದ್ದರೆ ಸಾಲದು, ನಿಜಕ್ಕೂ ಬೇಸಾಯ ನಡೆಯುತ್ತಿರಬೇಕು. ಬಾಕಿ 1 ಲಕ್ಷ ಮೀರದಿದ್ದರೆ, ಇಲ್ಲವೇ ಅಸಲು ಬಡ್ಡಿಯ ಶೇ 20ಕ್ಕಿಂತ ಕಡಿಮೆ ಉಳಿದಿದ್ದರೆ ಕೂಡ ಅದು ಬರುವುದಿಲ್ಲ.

20 ಲಕ್ಷದಿಂದ ಮೇಲಿನ ಬಾಕಿಗೆ ಬ್ಯಾಂಕು ಡಿಆರ್‌ಟಿಗೂ ಹೋಗಬಹುದು. ಆಧಾರ ಸಾಲದೆ ಬೇರೆ ಆಸ್ತಿಗೂ ಕೈ ಹಾಕಬೇಕಾದಾಗ ಆ ದಾರಿ. ಸಾಲಗಾರ ಕಂಪನಿಯಾದರೆ 2016ರ ದಿವಾಳಿ ಸಂಹಿತೆ ಇದೆ, ಆದರೆ ಬಾಕಿ ಕನಿಷ್ಠ 1 ಕೋಟಿ ಇರಬೇಕು. ಅರ್ಜಿ ಅಂಗೀಕಾರವಾದ ದಿನದಿಂದ ಎಲ್ಲರ ಕೈಗೂ ಕಟ್ಟು. ಸರ್ಫೇಸಿ ಹರಾಜೂ ನಿಲ್ಲುತ್ತದೆ. ಕೊನೆಗೆ ಕಂಪನಿ ಮುಚ್ಚಿದರೆ, ಪ್ರಕ್ರಿಯೆಯ ಖರ್ಚು ಕಳೆದು, ಆಧಾರ ಬಿಟ್ಟುಕೊಟ್ಟ ಸಾಲಿಗರೂ ಕಾರ್ಮಿಕರ 24 ತಿಂಗಳ ಬಾಕಿಯೂ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಆಧಾರವಿಲ್ಲದೆ ಮಾಲು ಕೊಟ್ಟ ವ್ಯಾಪಾರಿ ಸರ್ಕಾರದ ಬಾಕಿಗಿಂತಲೂ ಹಿಂದೆ. ಅವನ ಪಾಲಿಗೆ ಉಳಿಯುವುದು ಹೆಚ್ಚಿನ ಸಲ ಪತ್ರವ್ಯವಹಾರದ ಫೈಲು ಮಾತ್ರ. ಅಂಥ ಕಂಪನಿಯಿಂದ ಹಳೆಯ ಬಾಕಿಗೆ ತಡವಾಗಿ ಆಧಾರ ಬರೆಸಿಕೊಂಡರೂ ಭದ್ರ ಅಲ್ಲ. ಒಂದು ವರ್ಷದೊಳಗೆ ದಿವಾಳಿ ಪ್ರಕ್ರಿಯೆ ಶುರುವಾದರೆ ಅದನ್ನು ಪಕ್ಷಪಾತದ ವ್ಯವಹಾರ ಎಂದು ರದ್ದು ಮಾಡಿಸಬಹುದು.

ಯಾರಿಗೆ ಯಾವುದು

ನನ್ನನ್ನು ಕೇಳಿದರೆ: ಸಣ್ಣ ಅವಧಿಗೆ ಖಾಸಗಿಯಾಗಿ ಕೊಡುತ್ತಿದ್ದರೆ ಒತ್ತೆ. ದೊಡ್ಡ ಮೊತ್ತ, ದೀರ್ಘ ಅವಧಿ, ಕಾಯುವ ತಾಳ್ಮೆ ಇದ್ದರೆ ನೋಂದಾಯಿತ ಸಾದಾ ಅಡಮಾನ. ಪತ್ರ ಇಟ್ಟು ಮಾಡುವ ಅಡಮಾನವನ್ನು ಬ್ಯಾಂಕುಗಳಿಗೆ ಬಿಡಿ. ಹೈಪಾಥಿಕೇಷನ್ ವಾಹನಕ್ಕೆ ಮತ್ತು ಕಂಪನಿಗಳಿಗೆ ಮಾತ್ರ. ಜಾಮೀನು ಯಾವುದರ ಜೊತೆಗಾದರೂ ಇರಲಿ, ಒಂಟಿಯಾಗಿ ಬೇಡ. ಸಾಲ ಪಡೆಯುವವರಿಗೆ ಹಿತ ಇದರ ತಿರುಗುಮುರುಗು. ತೀರಿಸಿದ ಮೇಲೆ ಕಾಗದ ಕೇಳಲು ಹಿಂಜರಿಯಬೇಡಿ. 2023ರ ಡಿಸೆಂಬರ್ 1ರಿಂದ ರಿಸರ್ವ್ ಬ್ಯಾಂಕ್ ನಿಯಮದಂತೆ ಬ್ಯಾಂಕು 30 ದಿನದೊಳಗೆ ಮೂಲಪತ್ರ ವಾಪಸ್ ಕೊಡಬೇಕು. ತನ್ನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ.

ಗೆಳೆಯನ ಕೈಯಲ್ಲಿ ಉಳಿದಿದ್ದು ಆಧಾರವಿಲ್ಲದ ಬಾಕಿ. 1 ಕೋಟಿ ಮುಟ್ಟದ್ದರಿಂದ ದಿವಾಳಿ ಸಂಹಿತೆ ಇಲ್ಲ. ಸಣ್ಣ ಉದ್ದಿಮೆಗಳಿಗೆ 45 ದಿನದೊಳಗೆ ಹಣ ಸಿಗಬೇಕೆಂಬ 2006ರ ಕಾಯ್ದೆಯ ಆಸರೆಯೂ ಇಲ್ಲ, ಯಾಕೆಂದರೆ ಇವನು ತಯಾರಕನಲ್ಲ, ವ್ಯಾಪಾರಿ. ವ್ಯಾಪಾರಿಗಳಿಗೆ ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿ 2021ರಲ್ಲಿ ಸಿಕ್ಕಿದ್ದು ಆದ್ಯತಾ ವಲಯದ ಸಾಲಕ್ಕಾಗಿ ಮಾತ್ರ. ಉಳಿದಿದ್ದು ವಾಣಿಜ್ಯ ದಾವಾ. ತುರ್ತು ತಡೆಯಾಜ್ಞೆ ಕೇಳದಿದ್ದರೆ ಅದಕ್ಕೂ ಮುಂಚೆ ಮಧ್ಯಸ್ಥಿಕೆಗೆ ಹೋಗಲೇಬೇಕು. ಮತ್ತು 3 ವರ್ಷದ ಗಡುವಿನಲ್ಲಿ ಎರಡು ವರ್ಷ ಆಗಲೇ ಹೋಗಿತ್ತು.

ಗಿರಾಕಿಯನ್ನು ಕರೆಸಿದೆವು. ಸಬ್ ರಿಜಿಸ್ಟ್ರಾರ್ ಕಚೇರಿಗೆ ಬಂದು ಅಡಮಾನ ಬರೆದುಕೊಡು ಅಂದರೆ ಸುತರಾಂ ಒಪ್ಪಲಿಲ್ಲ. ಬಾಕಿ ಇರುವುದಕ್ಕೆ ಮಾತ್ರ ಅವನ ತಕರಾರಿರಲಿಲ್ಲ. ಲೆಡ್ಜರಿನ ಕೊನೆಯ ಪುಟದ ಪ್ರಿಂಟ್ ತೆಗೆದು, ಕೆಳಗೆ "18,40,000 ರೂಪಾಯಿ ಬಾಕಿ ಇರುವುದು ನಿಜ" ಅಂತ ಅವನ ಕೈಯಲ್ಲೇ ಬರೆಸಿ, ತಾರೀಕು ಹಾಕಿಸಿ, ಸಹಿ ತೆಗೆದುಕೊಂಡೆ. ಗಡುವು ಮುಗಿಯುವ ಮೊದಲೇ ಬರೆದ ಒಪ್ಪಿಗೆಯಾದ್ದರಿಂದ ಆ ದಿನದಿಂದ ಹೊಸದಾಗಿ 3 ವರ್ಷ. ಗೆಳೆಯ ಆ ಹಾಳೆಯನ್ನು ಅದೇ ಪ್ಲಾಸ್ಟಿಕ್ ಕವರಿನಲ್ಲಿ ಕ್ರಯಪತ್ರದ ಮೇಲಿಟ್ಟ. "ಇದರಲ್ಲಿ ಯಾವುದು ಜಾಸ್ತಿ ಬಾಳುತ್ತೆ?" ಅಂತ ಕೇಳಿದ. ಮೇಲಿನದ್ದು ಅಂದೆ.